ನುಗ್ಗೆ ಎಲೆಯ ರಸಾಯನ ಮತ್ತು ಅದರ ಸೂಕ್ಷ್ಮಾಣುನಿರೋಧಕ ಗುಣ

ಕರ್ನಾಟಕದ ಹಿತ್ತಿಲುಗಳಲ್ಲಿಯೂ ಹೊಲದ ಬದುಗಳಲ್ಲಿಯೂ ಹೆಚ್ಚಿನ ಆರೈಕೆಯನ್ನು ಬೇಡದೆ ಬೆಳೆಯುವ ನುಗ್ಗೆ ಮರವನ್ನು ಸಸ್ಯಶಾಸ್ತ್ರವು ಮೊರಿಂಗ ಒಲಿಫೆರ ಎಂಬ ಹೆಸರಿನಿಂದ ಗುರುತಿಸುತ್ತದೆ. ವಾಯವ್ಯ ಹಿಮಾಲಯದ ತಪ್ಪಲು ಇದರ ಮೂಲನೆಲೆಯಾಗಿದ್ದು, ಅಲ್ಲಿಂದ ದಕ್ಷಿಣ ಭಾರತಕ್ಕೂ ಆಮೇಲೆ ಆಫ್ರಿಕ, ಆಗ್ನೇಯ ಏಷ್ಯ, ಮಧ್ಯ ಅಮೆರಿಕಗಳ ಉಷ್ಣವಲಯಕ್ಕೂ ಇದು ಹರಡಿದೆ. ಮೊರಿಂಗೇಸಿ ಎಂಬ ಇದರ ಕುಟುಂಬದಲ್ಲಿ ಇರುವುದು ಒಂದೇ ಕುಲ, ಆ ಕುಲದಲ್ಲಿ ಇರುವುದು 13 ಪ್ರಭೇದಗಳು. ಅವುಗಳಲ್ಲಿ ಭಾರತದ ಸಹಜ ಸಸ್ಯಗಳು ನುಗ್ಗೆ ಮತ್ತು ಕಾಡುನುಗ್ಗೆ ಎಂಬ ಎರಡು ಮಾತ್ರ. ಈ ಸಣ್ಣ ಕುಟುಂಬವು ಸೇರುವುದು ಬ್ರಾಸಿಕೇಲ್ಸ್ ಎಂಬ ದೊಡ್ಡ ವರ್ಗಕ್ಕೆ; ಸಾಸಿವೆ, ಮೂಲಂಗಿ, ಎಲೆಕೋಸು, ಪರಂಗಿ ಇವೆಲ್ಲವೂ ಅದೇ ವರ್ಗದವು. ಹೊರನೋಟಕ್ಕೆ ನುಗ್ಗೆ ಮರಕ್ಕೂ ಸಾಸಿವೆ ಗಿಡಕ್ಕೂ ಯಾವ ಹೋಲಿಕೆಯೂ ಕಾಣದಿದ್ದರೂ, ಈ ಬಂಧುತ್ವವನ್ನು ಮರೆತರೆ ನುಗ್ಗೆ ಎಲೆಯ ರಸಾಯನದ ಮುಖ್ಯ ಭಾಗವೇ ಅರ್ಥವಾಗದೆ ಉಳಿಯುತ್ತದೆ.

ಆಯುರ್ವೇದವು ಈ ಮರವನ್ನು ಶಿಗ್ರು ಎಂದು ಕರೆದು, ಸುಶ್ರುತ ಸಂಹಿತೆಯ ವರುಣಾದಿ ಗಣದಲ್ಲಿ ಇದಕ್ಕೆ ಸ್ಥಾನ ಕೊಟ್ಟಿದೆ. ಹಳ್ಳಿಯ ಮನೆಮದ್ದಿನಲ್ಲಿ ಹಸಿ ಸೊಪ್ಪನ್ನು ಅರೆದು ಬಾವಿಗೂ ಗಾಯಕ್ಕೂ ಕಟ್ಟುವ ರೂಢಿಯಿದೆ. ಪ್ರಾಚೀನರು ಬಳಸಿದ ಕ್ರಿಮಿ ಎಂಬ ಮಾತನ್ನು ಇಂದಿನ ಬ್ಯಾಕ್ಟೀರಿಯ ಎಂದು ನೇರವಾಗಿ ಓದಿಕೊಂಡು, ಎಲ್ಲವೂ ಹಿಂದೆಯೇ ತಿಳಿದಿತ್ತೆಂದು ಹೇಳುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ನ್ಯಾಯವಾಗದು. ಆದರೆ ಸೊಪ್ಪನ್ನು ಬೇಯಿಸದೆ, ಹಸಿಯಾಗಿಯೇ, ಅರೆದು ಕಟ್ಟಬೇಕೆಂಬ ಮನೆಮದ್ದಿನ ಕ್ರಮವು ಗಮನಕ್ಕೆ ಅರ್ಹವಾದುದು. ಏಕೆಂದರೆ ನುಗ್ಗೆ ಎಲೆಯ ಸೂಕ್ಷ್ಮಾಣುನಿರೋಧಕ ಶಕ್ತಿಯು ಎಲೆಯೊಳಗೆ ಸಿದ್ಧವಾಗಿ ಕುಳಿತಿರುವ ಒಂದು ಪದಾರ್ಥವಾಗಿರದೆ, ಬಹುಮಟ್ಟಿಗೆ ಎಲೆ ಜಜ್ಜಿದಾಗ ಹುಟ್ಟುವ ಕ್ರಿಯೆಯಾಗಿದೆ. ಈ ಉಪನ್ಯಾಸವು ಪ್ರತಿಪಾದಿಸಲು ಬಯಸುವ ಮುಖ್ಯ ಸಂಗತಿಯೂ ಅದೇ. ಎಲೆಯಲ್ಲಿ ಏನಿದೆ ಎಂಬ ಪ್ರಶ್ನೆಯ ಜೊತೆಗೆ, ಎಲೆಯನ್ನು ಏನು ಮಾಡಲಾಯಿತು ಎಂಬ ಪ್ರಶ್ನೆಯನ್ನು ಕೇಳದೆ ಈ ವಿಷಯದಲ್ಲಿ ಯಾವ ಉತ್ತರವೂ ಪೂರ್ಣವಾಗುವುದಿಲ್ಲ.

ಎಲೆಯ ಸಾಮಾನ್ಯ ಘಟಕಗಳ ಬಗೆಗೆ ಹೆಚ್ಚು ವಿವರಣೆ ಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಹಿಂದೆ ಬಹುಕಾಲ ಪ್ರಕಟಿಸುತ್ತಿದ್ದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಸುಮಾರು 76 ಗ್ರಾಂ ನೀರು, 6.7 ಗ್ರಾಂ ಪ್ರೋಟೀನು, 440 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 220 ಮಿಲಿಗ್ರಾಂ ಸಿ ಜೀವಸತ್ವ ಇರುತ್ತವೆ. ಇವುಗಳ ಜೊತೆಗೆ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಬೀಟಾ ಕ್ಯಾರೊಟಿನ್ ಕೂಡ ಧಾರಾಳವಾಗಿದೆ. ಸೊಪ್ಪನ್ನು ಒಣಗಿಸಿ ಪುಡಿ ಮಾಡಿದಾಗ ನೀರು ಹೋಗುವುದರಿಂದ ಪ್ರೋಟೀನು ಮತ್ತು ಖನಿಜಗಳ ಪ್ರಮಾಣ ತೂಕದ ಲೆಕ್ಕದಲ್ಲಿ ನಾಲ್ಕು ಪಾಲಿನಷ್ಟು ಏರುತ್ತದೆ. ಆ ಒಣ ಪುಡಿಯನ್ನು ಹಸಿ ಹಣ್ಣಿನೊಡನೆಯೋ ಹಾಲಿನೊಡನೆಯೋ ತೂಕಕ್ಕೆ ತೂಕ ಹೋಲಿಸಿ ಬರೆಯುವ ಜಾಹೀರಾತುಗಳು ಓದುಗರನ್ನು ದಾರಿ ತಪ್ಪಿಸುತ್ತವೆ. ಅವು ಹೇಳದೆ ಬಿಡುವ ಇನ್ನೊಂದು ಮಾತೆಂದರೆ, ಬಿಸಿಲಿನಲ್ಲಿ ಒಣಗಿಸುವಾಗ ಸಿ ಜೀವಸತ್ವದ ಬಹುಭಾಗ ನಾಶವಾಗುತ್ತದೆ ಎಂಬುದು. ಈ ಜೀವಸತ್ವಕ್ಕೆ ಸೂಕ್ಷ್ಮಾಣುನಿರೋಧಕ ಕ್ರಿಯೆಯಲ್ಲಿಯೂ ಒಂದು ಅನಿರೀಕ್ಷಿತ ಪಾತ್ರವಿದ್ದು, ಅದರ ಮಾತು ಮುಂದೆ ಬರುತ್ತದೆ.

ಸಸ್ಯವು ತನ್ನ ಬೆಳವಣಿಗೆಗೆ ನೇರವಾಗಿ ಬಳಸದೆ, ಕೀಟ, ಶಿಲೀಂಧ್ರ, ಬಿಸಿಲು ಮೊದಲಾದವುಗಳಿಂದ ರಕ್ಷಣೆ ಪಡೆಯಲು ತಯಾರಿಸಿಕೊಳ್ಳುವ ಪದಾರ್ಥಗಳನ್ನು ದ್ವಿತೀಯಕ ಸಂಯುಕ್ತಗಳೆಂದು ಕರೆಯುತ್ತಾರೆ. ನುಗ್ಗೆ ಎಲೆಯಲ್ಲಿ ಇವುಗಳ ಎರಡು ಗುಂಪುಗಳು ಮುಖ್ಯವಾದವು. ಮೊದಲನೆಯದು ಫೀನಾಲಿಕ್ ಗುಂಪು. ಕ್ವರ್ಸೆಟಿನ್ ಮತ್ತು ಕೆಂಫೆರಾಲ್ ಎಂಬ ಫ್ಲೇವನಾಯ್ಡುಗಳು ಸಕ್ಕರೆಯ ಅಣುವೊಂದಕ್ಕೆ ಅಂಟಿಕೊಂಡ ರೂಪದಲ್ಲಿ ಇಲ್ಲಿ ದೊರೆಯುತ್ತವೆ. ಕಾಫಿ ಬೀಜದಲ್ಲಿ ಹೇರಳವಾಗಿರುವ ಕ್ಲೋರೊಜೆನಿಕ್ ಆಮ್ಲವೂ ಅದರ ಸೋದರ ಆಮ್ಲಗಳೂ ಇಲ್ಲಿವೆ. ಫ್ಲೇವನಾಯ್ಡುಗಳು ಬ್ಯಾಕ್ಟೀರಿಯದ ಕೋಶಪೊರೆಯನ್ನು ಸಡಿಲಗೊಳಿಸಬಲ್ಲವು, ಟ್ಯಾನಿನ್ನುಗಳು ಪ್ರೋಟೀನನ್ನು ಗಟ್ಟಿಗಟ್ಟಿಸಬಲ್ಲವು. ಆದರೆ ಇಂಥ ಸಂಯುಕ್ತಗಳು ನೂರಾರು ಗಿಡಗಳ ಎಲೆಗಳಲ್ಲಿ ಇರುವುದರಿಂದ, ಮತ್ತು ಸೂಕ್ಷ್ಮಾಣುಗಳನ್ನು ತಡೆಯಲು ಇವು ಸಾಮಾನ್ಯವಾಗಿ ದೊಡ್ಡ ಪ್ರಮಾಣದಲ್ಲಿ ಬೇಕಾಗುವುದರಿಂದ, ನುಗ್ಗೆಯ ವಿಶೇಷವನ್ನು ಇವುಗಳಲ್ಲಿ ಹುಡುಕುವುದು ಫಲಕಾರಿಯಲ್ಲ.

ನುಗ್ಗೆಯ ವಿಶೇಷವಿರುವುದು ಎರಡನೆಯ ಗುಂಪಿನಲ್ಲಿ, ಗಂಧಕವನ್ನು ಒಳಗೊಂಡ ಗ್ಲುಕೋಸಿನೊಲೇಟುಗಳಲ್ಲಿ. ಇವುಗಳನ್ನು ಅರಿಯಲು ಸಾಸಿವೆಯಿಂದಲೇ ಆರಂಭಿಸುವುದು ಅನುಕೂಲ. ಇಡೀ ಸಾಸಿವೆಕಾಳಿಗೆ ಘಾಟಿಲ್ಲ. ನೀರು ಹಾಕಿ ಅರೆದ ಕೂಡಲೇ ಮೂಗಿಗೇರುವ ಘಾಟು ಬರುತ್ತದೆ. ಇದಕ್ಕೆ ಕಾರಣವನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಂಟ್ವಾನ್ ಬ್ಯುಸಿ ಅವರು ಕಂಡುಕೊಂಡರು: ಕಾಳಿನೊಳಗೆ ಘಾಟಿಲ್ಲದ ಒಂದು ಗಂಧಕ ಸಂಯುಕ್ತವೂ, ಅದನ್ನು ಒಡೆಯಬಲ್ಲ ಒಂದು ಕಿಣ್ವವೂ ಬೇರೆ ಬೇರೆಯಾಗಿ ಇರುತ್ತವೆ. ಆ ಕಿಣ್ವಕ್ಕೆ ಇಂದು ಮೈರೊಸಿನೇಸ್ ಎಂದು ಹೆಸರು. ಗ್ಲುಕೋಸಿನೊಲೇಟುಗಳ ಸರಿಯಾದ ಅಣುರಚನೆ ಖಚಿತವಾದುದು 1956ರಲ್ಲಿ, ಎಟ್ಲಿಂಗರ್ ಮತ್ತು ಲುಂಡೀನ್ ಅವರ ಸಂಶೋಧನೆಯಿಂದ.

ನುಗ್ಗೆಯಲ್ಲಿಯೂ ವ್ಯವಸ್ಥೆ ಇದೇ. ಎಳೆಯ ನುಗ್ಗೆ ಎಲೆಯೊಂದನ್ನು ಒರಳಿನಲ್ಲಿಟ್ಟು ಜಜ್ಜಿದಾಗ ನಡೆಯುವುದನ್ನು ಹತ್ತಿರದಿಂದ ನೋಡಬಹುದು. ಜಜ್ಜುವ ಮೊದಲು ಗ್ಲುಕೋಮೊರಿಂಗಿನ್ ಎಂಬ ಗ್ಲುಕೋಸಿನೊಲೇಟು ಜೀವಕೋಶದ ರಸಕೋಶದಲ್ಲಿ ಕರಗಿಕೊಂಡಿರುತ್ತದೆ. ಮೈರೊಸಿನೇಸ್ ಕಿಣ್ವವು ಅದರ ಸಂಪರ್ಕಕ್ಕೆ ಬಾರದಂತೆ ಬೇರೆಡೆ ಇರುತ್ತದೆ. ಗುಂಡಿನ ಪೆಟ್ಟಿಗೆ ಕೋಶಭಿತ್ತಿಗಳು ಒಡೆದು ಎರಡೂ ಎಲೆಯ ನೀರಿನಲ್ಲಿ ಬೆರೆಯುತ್ತವೆ. ಕಿಣ್ವವು ಮೊದಲು ಗ್ಲುಕೋಮೊರಿಂಗಿನ್ನಿನಿಂದ ಗ್ಲೂಕೋಸನ್ನು ಕತ್ತರಿಸಿ ತೆಗೆಯುತ್ತದೆ. ಉಳಿದ ತುಣುಕು ಅಸ್ಥಿರವಾದ್ದರಿಂದ ತಾನಾಗಿಯೇ ಸಲ್ಫೇಟನ್ನು ಕಳಚಿಕೊಂಡು, ತನ್ನೊಳಗಿನ ಪರಮಾಣುಗಳನ್ನು ಮರುಜೋಡಿಸಿಕೊಂಡು, ಸಾರಜನಕ, ಇಂಗಾಲ, ಗಂಧಕಗಳು ಒಂದೇ ಸಾಲಿನಲ್ಲಿ ಬರುವ ಐಸೊಥಯೊಸಯನೇಟಾಗಿ ಮಾರ್ಪಡುತ್ತದೆ. ನುಗ್ಗೆಯ ಈ ಐಸೊಥಯೊಸಯನೇಟಿಗೆ ಮೊರಿಂಗಿನ್ ಎಂದು ಹೆಸರಿದ್ದು, ಕ್ರಿಮಿಗಳ ವಿರುದ್ಧ ಮರವು ಹೂಡುವ ಪ್ರಬಲ ಅಸ್ತ್ರ ಇದೇ.

ಸಾಸಿವೆಯ ಐಸೊಥಯೊಸಯನೇಟು ಬೇಗ ಆವಿಯಾಗುವ ಎಣ್ಣೆ. ಅದಕ್ಕೇ ಅದು ಮೂಗಿಗೇರುತ್ತದೆ, ಅದಕ್ಕೇ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನುಗ್ಗೆಯಲ್ಲಾದರೋ ಗ್ಲೂಕೋಸು ಕತ್ತರಿಸಿ ಹೋದ ಮೇಲೆಯೂ ಅಣುವಿನ ಇನ್ನೊಂದು ಬದಿಯಲ್ಲಿ ರ‍್ಯಾಮ್ನೋಸ್ ಎಂಬ ಬೇರೊಂದು ಸಕ್ಕರೆ ಉಳಿದಿರುತ್ತದೆ. ಈ ಎರಡನೆಯ ಸಕ್ಕರೆಯ ದೆಸೆಯಿಂದ ಮೊರಿಂಗಿನ್ ಆವಿಯಾಗದೆ, ಕೋಣೆಯ ಉಷ್ಣತೆಯಲ್ಲಿ ಘನರೂಪದಲ್ಲಿ, ತಕ್ಕಮಟ್ಟಿಗೆ ಸ್ಥಿರವಾಗಿ ಇರುತ್ತದೆ. ಜಜ್ಜಿದ ನುಗ್ಗೆ ಎಲೆಗೆ ಸಾಸಿವೆಯಂಥ ಘಾಟು ಬಾರದಿರುವುದಕ್ಕೆ ಕಾರಣ ಇದು. ಬೇರಿನ ತೊಗಟೆಯಲ್ಲಿ ಈ ಎರಡನೆಯ ಸಕ್ಕರೆಯಿಲ್ಲದ ಬೇರೆ ಗ್ಲುಕೋಸಿನೊಲೇಟು ಪ್ರಧಾನವಾಗಿದ್ದು, ಅದರಿಂದ ಬೆಂಜೈಲ್ ಐಸೊಥಯೊಸಯನೇಟು ಹುಟ್ಟುವುದರಿಂದ ಬೇರಿಗೆ ಖಾರವಾದ ಘಾಟಿದೆ. ಒಂದೇ ಮರದ ಎಲೆಗೂ ಬೇರಿಗೂ ಇಷ್ಟು ವ್ಯತ್ಯಾಸವಿರುವಾಗ, ನುಗ್ಗೆಯ ಗುಣ ಎಂದು ಇಡಿಯಾಗಿ ಹೇಳುವ ಮಾತುಗಳನ್ನು ಎಚ್ಚರದಿಂದಲೇ ಸ್ವೀಕರಿಸಬೇಕಾಗುತ್ತದೆ.

ಐಸೊಥಯೊಸಯನೇಟು ಬ್ಯಾಕ್ಟೀರಿಯವನ್ನು ಹೇಗೆ ತಡೆಯುತ್ತದೆ ಎಂಬುದಕ್ಕೆ ಅದರ ಅಣುರಚನೆಯಲ್ಲಿಯೇ ಉತ್ತರವಿದೆ. ಸಾರಜನಕಕ್ಕೂ ಗಂಧಕಕ್ಕೂ ನಡುವೆ ಸಿಕ್ಕಿಕೊಂಡ ಇಂಗಾಲದ ಪರಮಾಣುವಿಗೆ ಎಲೆಕ್ಟ್ರಾನುಗಳ ಕೊರತೆಯಿರುತ್ತದೆ. ಎಲೆಕ್ಟ್ರಾನುಗಳನ್ನು ಕೊಡಬಲ್ಲ ಯಾವುದೇ ಅಣು ಹತ್ತಿರ ಬಂದರೂ ಅದು ಅಂಟಿಕೊಳ್ಳುತ್ತದೆ. ಪ್ರೋಟೀನುಗಳಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದ ತುದಿಯಲ್ಲಿ ಗಂಧಕ ಮತ್ತು ಜಲಜನಕದ ಜೋಡಿಯಿದ್ದು, ಅದೇ ಈ ಇಂಗಾಲಕ್ಕೆ ಅತ್ಯಂತ ಅನುಕೂಲವಾದ ಗುರಿ. ಬ್ಯಾಕ್ಟೀರಿಯದ ಅನೇಕ ಕಿಣ್ವಗಳು ಕೆಲಸ ಮಾಡುವುದು ಇಂಥ ಸಿಸ್ಟೀನಿನ ಬಲದಿಂದ. ಅಲ್ಲಿ ಐಸೊಥಯೊಸಯನೇಟು ಹೋಗಿ ಕುಳಿತರೆ ಕಿಣ್ವ ನಿಷ್ಕ್ರಿಯವಾಗುತ್ತದೆ, ಉಸಿರಾಟದ ಸರಪಳಿ ತುಂಡಾಗುತ್ತದೆ, ಕೋಶಪೊರೆ ಸೋರತೊಡಗುತ್ತದೆ. ಒಂದೇ ಗುರಿಗೆ ಬದಲಾಗಿ ಹಲವು ಗುರಿಗಳನ್ನು ಏಕಕಾಲಕ್ಕೆ ತಾಗುವುದರಿಂದ ಇಂಥ ಸಂಯುಕ್ತದ ಎದುರು ಬ್ಯಾಕ್ಟೀರಿಯವು ಸುಲಭವಾಗಿ ಪ್ರತಿರೋಧ ಬೆಳೆಸಿಕೊಳ್ಳಲಾರದೆಂಬ ನಿರೀಕ್ಷೆ ವಿಜ್ಞಾನಿಗಳಲ್ಲಿದೆ. ಅದೇ ಕಾರಣದಿಂದ, ಮನುಷ್ಯನ ಜೀವಕೋಶಗಳ ಸಿಸ್ಟೀನುಗಳೂ ಅದರ ಗುರಿಯಾಗಬಲ್ಲವು ಎಂಬುದನ್ನು ನೆನಪಿನಲ್ಲಿಡಬೇಕು.

ನುಗ್ಗೆಯ ಈ ಗುಣದ ಆಧುನಿಕ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪ್ರಮುಖರು ಎಂಬ ಸಂಗತಿ ಕನ್ನಡಿಗರಲ್ಲಿ ಹಲವರಿಗೆ ತಿಳಿದಿಲ್ಲ. ಪೆನಿಸಿಲಿನ್ ಜಗತ್ತಿನ ಆಸ್ಪತ್ರೆಗಳನ್ನು ಆಗಷ್ಟೇ ತಲುಪುತ್ತಿದ್ದ ಕಾಲದಲ್ಲಿ, ಭಾರತದ ಗಿಡಮರಗಳಲ್ಲಿಯೂ ಅಂಥ ಪ್ರತಿಜೈವಿಕಗಳು ಇರಬಹುದೇ ಎಂಬ ಹುಡುಕಾಟ ಅಲ್ಲಿ ನಡೆದಿತ್ತು. ರಘುನಂದನ ರಾವ್ ಮತ್ತು ಅವರ ಸಹೋದ್ಯೋಗಿಗಳು ನುಗ್ಗೆಯ ಬೇರಿನಿಂದ ಬ್ಯಾಕ್ಟೀರಿಯಗಳನ್ನು ತಡೆಯುವ ಸತ್ವವನ್ನು ಬೇರ್ಪಡಿಸಿ, ಮರದ ಅಂದಿನ ಶಾಸ್ತ್ರೀಯ ನಾಮವಾದ ಮೊರಿಂಗ ಟೆರಿಗೊಸ್ಪರ್ಮ ಎಂಬುದನ್ನು ಅನುಸರಿಸಿ ಅದಕ್ಕೆ ಟೆರಿಗೊಸ್ಪರ್ಮಿನ್ ಎಂದು ಹೆಸರಿಟ್ಟು, 1946ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಿ. ಎ. ಕುರುಪ್ ಮತ್ತು ಪಿ. ಎಲ್. ನರಸಿಂಹ ರಾವ್ ಅವರು 1950ರ ದಶಕದಲ್ಲಿ ಈ ಕೆಲಸವನ್ನು ಮುಂದುವರಿಸಿ, ಆ ಸತ್ವದ ರಚನೆಯನ್ನೂ ಅದರ ಸಂಬಂಧಿ ಸಂಯುಕ್ತಗಳ ಶಕ್ತಿಯನ್ನೂ ಪರೀಕ್ಷಿಸಿದರು. ಬೆಂಜೈಲ್ ಐಸೊಥಯೊಸಯನೇಟಿನ ಎರಡು ಅಣುಗಳು ಕೂಡಿ ಆದ ಸಂಯುಕ್ತವೆಂಬ ವಿವರಣೆ ಅದರ ಬಗೆಗೆ ಮೂಡಿತು.

ಮುಂದೆ 1981ರಲ್ಲಿ ಜರ್ಮನಿಯ ಐಲರ್ಟ್, ವೋಲ್ಟರ್ಸ್ ಮತ್ತು ನಾರ್‌ಸ್ಟೆಟ್ ಅವರು ನುಗ್ಗೆಯ ಬೀಜ ಮತ್ತು ಬೇರನ್ನು ಮತ್ತೆ ಪರೀಕ್ಷಿಸಿದಾಗ, ಬೀಜದ ಶಕ್ತಿಗೆ ಕಾರಣ ಇಂದು ಮೊರಿಂಗಿನ್ ಎಂದು ಕರೆಯುವ ಐಸೊಥಯೊಸಯನೇಟೇ ಎಂದು ತೋರಿಸಿದರು. ಬೇರಿನಲ್ಲಿ ಟೆರಿಗೊಸ್ಪರ್ಮಿನ್ ಅವರಿಗೆ ದೊರೆಯದೆ, ಬೆಂಜೈಲ್ ಐಸೊಥಯೊಸಯನೇಟೇ ನಿಜವಾದ ಸತ್ವವೆಂಬ ಅಭಿಪ್ರಾಯ ಬಲಗೊಂಡಿತು. ಇದರಿಂದ ಬೆಂಗಳೂರಿನ ಕೆಲಸದ ಮಹತ್ವ ಕುಂದುವುದಿಲ್ಲ. ಗಂಧಕದ ಸಂಯುಕ್ತವೊಂದು ನುಗ್ಗೆಯ ಶಕ್ತಿಯ ಮೂಲವೆಂದು, ಇಂದಿನ ಸೂಕ್ಷ್ಮ ಉಪಕರಣಗಳಿಲ್ಲದ ಕಾಲದಲ್ಲಿ, ಸರಿಯಾದ ದಿಕ್ಕನ್ನು ತೋರಿಸಿದ್ದು ಅದೇ. ಐಲರ್ಟ್ ಅವರ ಗುಂಪು ಗಮನಿಸಿದ ಇನ್ನೊಂದು ಸಂಗತಿಯಂತೂ ಬಹಳ ಅರ್ಥಪೂರ್ಣವಾದುದು. ಎಣ್ಣೆ ತೆಗೆದ ಬೀಜದಿಂದ ನೀರಿನಲ್ಲಿ ಸತ್ವವನ್ನು ತೆಗೆಯುವಾಗ, ಆಸ್ಕಾರ್ಬಿಕ್ ಆಮ್ಲವನ್ನು, ಅಂದರೆ ಸಿ ಜೀವಸತ್ವವನ್ನು, ಸೇರಿಸಿದರೆ ಮಾತ್ರ ಐಸೊಥಯೊಸಯನೇಟು ಉತ್ಪತ್ತಿಯಾಯಿತು. ಮೈರೊಸಿನೇಸ್ ಕಿಣ್ವಕ್ಕೆ ಈ ಜೀವಸತ್ವವು ಸಹಾಯಕ ಅಣುವಾಗಿ ಬೇಕು. ಹೊರಗಿನಿಂದ ಸೇರಿಸಬೇಕಾಗಿ ಬಂದ ಆ ಪದಾರ್ಥವು ನುಗ್ಗೆಯ ಹಸಿ ಎಲೆಯಲ್ಲಿ ಸಹಜವಾಗಿಯೇ ಹೇರಳವಾಗಿದೆ. ಎಲೆಯನ್ನು ಬಿಸಿಲಿನಲ್ಲಿ ಒಣಗಿಸಿದಾಗ ಕಡಿಮೆಯಾಗುವುದೂ ಅದೇ. ಪೋಷಕಾಂಶವೆಂದು ಒಂದು ಕೋಷ್ಟಕದಲ್ಲಿಯೂ ಸೂಕ್ಷ್ಮಾಣುನಿರೋಧಕವೆಂದು ಇನ್ನೊಂದು ಕೋಷ್ಟಕದಲ್ಲಿಯೂ ಬರೆದಿಡುವ ಪದಾರ್ಥಗಳು ಎಲೆಯೊಳಗೆ ಹೀಗೆ ಒಂದನ್ನೊಂದು ಅವಲಂಬಿಸಿವೆ.

ಎಲೆಯ ಮೇಲೆ ನಡೆದ ಪರೀಕ್ಷೆಗಳಲ್ಲಿ ಗ್ವಾಟೆಮಾಲದ ಕಾಸೆರೆಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ವಿಶೇಷ ಸ್ಥಾನವಿದೆ. ಹಸಿ ಎಲೆಯ ರಸವು ಗಾಯಗಳನ್ನು ಕೀವುಗಟ್ಟಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಸುಲಭಕ್ಕೆ ಬಗ್ಗದ ಸ್ಯೂಡೊಮೊನಾಸ್ ಏರುಜಿನೋಸ ಎಂಬ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯಿತು. ಆದರೆ ಸಾರ ತೆಗೆಯುವಾಗ ಉಷ್ಣತೆ 56 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಶಕ್ತಿ ಕಾಣದಾಯಿತು. ಪರೀಕ್ಷಿಸಿದ ಇತರ ನಾಲ್ಕು ರೋಗಕಾರಕ ಬ್ಯಾಕ್ಟೀರಿಯಗಳ ಮೇಲಾಗಲಿ, ಕ್ಯಾಂಡಿಡ ಆಲ್ಬಿಕಾನ್ಸ್ ಎಂಬ ಶಿಲೀಂಧ್ರದ ಮೇಲಾಗಲಿ ಪರಿಣಾಮವಾಗಲಿಲ್ಲ. ಆಗದ್ದನ್ನೂ ಆದುದರ ಪಕ್ಕದಲ್ಲಿಯೇ ಬರೆದಿಟ್ಟ ಈ ಬರಹದ ಪ್ರಾಮಾಣಿಕತೆ ದೊಡ್ಡದು. ನುಗ್ಗೆಯ ಬಗೆಗೆ ಬರುವ ಪ್ರಚಾರ ಸಾಹಿತ್ಯವು ಇದರ ಮೊದಲ ವಾಕ್ಯವನ್ನು ಮಾತ್ರ ಉಲ್ಲೇಖಿಸಿ ಉಳಿದೆರಡನ್ನು ಬಿಟ್ಟುಬಿಡುವುದು ವಿಷಾದದ ಸಂಗತಿ. ಉಷ್ಣತೆಯ ಮಿತಿಯು ಕಿಣ್ವಾಧಾರಿತ ವಿವರಣೆಗೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಪ್ರೋಟೀನಾದ ಕಿಣ್ವವು ಬಿಸಿಗೆ ತನ್ನ ಆಕಾರವನ್ನು ಕಳೆದುಕೊಂಡು ನಿಷ್ಕ್ರಿಯವಾಗುತ್ತದೆ. ತೈವಾನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು ಎಲೆಯಿಂದ ತೆಗೆದ ಸುಗಂಧತೈಲದಲ್ಲಿ 44 ಘಟಕಗಳನ್ನು ಗುರುತಿಸಿ, ಚರ್ಮದ ಹುಳುಕಡ್ಡಿಗೆ ಕಾರಣವಾಗುವ ಟ್ರೈಕೊಫೈಟಾನ್ ಮೊದಲಾದ ಶಿಲೀಂಧ್ರಗಳನ್ನು ನುಗ್ಗೆಯ ಸಾರಗಳು ತಡೆಯುವುದನ್ನು ದಾಖಲಿಸಿತು.

ಇಂಥ ಫಲಿತಾಂಶಗಳ ಮೌಲ್ಯವನ್ನು ತಿಳಿಯಲು ಪರೀಕ್ಷಾವಿಧಾನದ ಪರಿಚಯ ಅಗತ್ಯ. ಸಾಮಾನ್ಯವಾಗಿ ಪೆಟ್ರಿ ಬಟ್ಟಲಿನಲ್ಲಿ ಅಗಾರ್ ಎಂಬ ಲೋಳೆಯಂಥ ಆಹಾರಮಾಧ್ಯಮವನ್ನು ಹರಡಿ, ಅದರ ಮೇಲೆ ಬ್ಯಾಕ್ಟೀರಿಯಗಳನ್ನು ಸವರಿ, ಸಾರದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಯನ್ನು ಇಟ್ಟು, ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯ ಬೆಳೆಯದೆ ಉಳಿದ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಈ ವೃತ್ತಕ್ಕೆ ಪ್ರತಿಬಂಧ ವಲಯ ಎಂದು ಹೆಸರು. ಇದರ ಅಗಲವು ಪದಾರ್ಥದ ಶಕ್ತಿಯನ್ನಷ್ಟೇ ಅವಲಂಬಿಸದೆ, ಅದು ಅಗಾರಿನೊಳಗೆ ಎಷ್ಟು ಸುಲಭವಾಗಿ ಹರಡುತ್ತದೆ ಎಂಬುದನ್ನೂ ಅವಲಂಬಿಸುವುದರಿಂದ, ನೀರಿನಲ್ಲಿ ಕರಗದ ಶಕ್ತಿಶಾಲಿ ಪದಾರ್ಥ ಇಲ್ಲಿ ದುರ್ಬಲವಾಗಿಯೂ, ಚೆನ್ನಾಗಿ ಹರಡುವ ಸಾಧಾರಣ ಪದಾರ್ಥ ಪ್ರಬಲವಾಗಿಯೂ ಕಾಣಬಹುದು. ಹೆಚ್ಚು ನಂಬಲರ್ಹವಾದುದು ಕನಿಷ್ಠ ಪ್ರತಿಬಂಧಕ ಪ್ರಮಾಣ, ಅಂದರೆ ಬೆಳವಣಿಗೆಯನ್ನು ಪೂರ್ತಿ ನಿಲ್ಲಿಸಲು ಬೇಕಾಗುವ ಅತಿ ಕಡಿಮೆ ಸಾಂದ್ರತೆ. ಐಲರ್ಟ್ ಅವರ ಗುಂಪು ಬೀಜದಿಂದ ಪಡೆದ ಶುದ್ಧ ಸಂಯುಕ್ತಕ್ಕೆ ಬ್ಯಾಸಿಲಸ್ ಸಬ್ಟಿಲಿಸ್ ಅನ್ನು ತಡೆಯಲಷ್ಟೇ ಅಲ್ಲ, ಕೊಲ್ಲಲು ಬೇಕಾಗುವ ಕನಿಷ್ಠ ಪ್ರಮಾಣವೇ ಲೀಟರಿಗೆ 56 ಮೈಕ್ರೊಮೋಲ್ ಎಂದು ಅಳೆದಿತ್ತು. ತೂಕದಲ್ಲಿ ಇದು ಮಿಲಿಲೀಟರಿಗೆ ಇಪ್ಪತ್ತು ಮೈಕ್ರೊಗ್ರಾಂಗಿಂತ ಕಡಿಮೆ. ಎಲೆಯ ಕಚ್ಚಾ ಸಾರಗಳ ಮೇಲಿನ ಎಷ್ಟೋ ಪ್ರಬಂಧಗಳಲ್ಲಿ ಕನಿಷ್ಠ ಪ್ರತಿಬಂಧಕ ಪ್ರಮಾಣವೇ ಮೈಕ್ರೊಗ್ರಾಂಗಳಲ್ಲಿರದೆ ಮಿಲಿಗ್ರಾಂಗಳಲ್ಲಿರುತ್ತದೆ. ಮಿಲಿಲೀಟರಿಗೆ ಹಲವು ಮಿಲಿಗ್ರಾಂ ಬೇಕಾಗುವ ಸಾರವನ್ನು ಔಷಧವಾಗಬಲ್ಲದೆಂದು ಬರೆಯುವ ಪರಿಪಾಠವನ್ನು ವಿಶ್ವವಿದ್ಯಾಲಯಗಳು ಕೈಬಿಡಬೇಕು.

ದ್ರಾವಕದ ಆಯ್ಕೆಯೂ ಫಲಿತಾಂಶವನ್ನು ಬದಲಿಸಬಲ್ಲದು. ಎಲೆಯನ್ನು ನೇರವಾಗಿ ಕುದಿಯುವ ಮದ್ಯಸಾರದಲ್ಲಿ ಹಾಕಿದರೆ ಕಿಣ್ವ ಸತ್ತು, ಗ್ಲುಕೋಮೊರಿಂಗಿನ್ ಒಡೆಯದೆ ಹಾಗೆಯೇ ಸಾರಕ್ಕೆ ಬರುತ್ತದೆ. ಮೊದಲು ನೀರಿನಲ್ಲಿ ಅರೆದು ಬಿಟ್ಟು ಆಮೇಲೆ ಸಾರ ತೆಗೆದರೆ ಮೊರಿಂಗಿನ್ ಬರುತ್ತದೆ. ಕರಾಚಿ ವಿಶ್ವವಿದ್ಯಾಲಯದ ಶಾಹೀನ್ ಫೈಜಿ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ನುಗ್ಗೆ ಎಲೆಯ ಮದ್ಯಸಾರದ ಸಾರದಿಂದ ನಿಯಾಜಿಮಿಸಿನ್ ಮೊದಲಾದ ಹೊಸ ಸಂಯುಕ್ತಗಳನ್ನು ಬೇರ್ಪಡಿಸಿ, ರಕ್ತದೊತ್ತಡದ ಮೇಲೆ ಅವುಗಳ ಪರಿಣಾಮವನ್ನು ವರದಿ ಮಾಡಿದರು. ಆ ಸಂಯುಕ್ತಗಳಲ್ಲಿ ಕೆಲವು, ಐಸೊಥಯೊಸಯನೇಟು ಮದ್ಯಸಾರದೊಡನೆಯೇ ವರ್ತಿಸಿ ಪ್ರಯೋಗಾಲಯದಲ್ಲಿ ಹುಟ್ಟಿದವಾಗಿರಬಹುದೆಂಬ ಶಂಕೆ ಅವುಗಳ ರಚನೆಯನ್ನು ನೋಡಿದಾಗ ಏಳುತ್ತದೆ. ಎಲೆಯನ್ನು ಏನು ಮಾಡಲಾಯಿತು ಎಂಬ ಪ್ರಶ್ನೆಯ ತೂಕ ಇಲ್ಲಿ ಅರಿವಾಗುತ್ತದೆ.

ಅಡುಗೆಮನೆಯ ನುಗ್ಗೆಸೊಪ್ಪಿಗೂ ಈ ವಿವೇಚನೆ ಅನ್ವಯಿಸುತ್ತದೆ. ಬಸ್ಸಾರು, ಉಪ್ಸಾರು, ಪಲ್ಯಗಳಲ್ಲಿ ಸೊಪ್ಪು ಕುದಿನೀರಿಗೆ ಬಿದ್ದ ಕೂಡಲೇ ಕಿಣ್ವ ನಿಷ್ಕ್ರಿಯವಾಗುತ್ತದೆ. ಕ್ಯಾಲ್ಸಿಯಂ, ಪ್ರೋಟೀನು, ಕ್ಯಾರೊಟಿನ್ ಉಳಿಯುತ್ತವೆ. ಬಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವ ಕ್ರಮದಿಂದ ನೀರಿನಲ್ಲಿ ಕರಗುವ ಪೋಷಕಾಂಶಗಳೂ ಊಟದ ತಟ್ಟೆಗೆ ಬರುತ್ತವೆ. ಒಡೆಯದೆ ಉಳಿದ ಗ್ಲುಕೋಸಿನೊಲೇಟಿನ ಸ್ವಲ್ಪ ಭಾಗವನ್ನು ಕರುಳಿನ ಬ್ಯಾಕ್ಟೀರಿಯಗಳು ಒಡೆಯಬಲ್ಲವಾದರೂ, ಅದರಿಂದ ದೇಹದೊಳಗಿನ ಸೋಂಕು ವಾಸಿಯಾಗುತ್ತದೆಂದು ಹೇಳಲು ಆಧಾರವಿಲ್ಲ. ಬಟ್ಟಲಿನಲ್ಲಿ ಬ್ಯಾಕ್ಟೀರಿಯವನ್ನು ತಡೆದ ಪದಾರ್ಥವು ಜಠರದ ಆಮ್ಲವನ್ನು ದಾಟಿ, ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಮಾರ್ಪಾಡಾಗದೆ, ಸೋಂಕಿನ ಜಾಗವನ್ನು ಬೇಕಾದಷ್ಟು ಸಾಂದ್ರತೆಯಲ್ಲಿ ತಲುಪಬೇಕು. ನುಗ್ಗೆ ಎಲೆಯ ವಿಷಯದಲ್ಲಿ ಅದು ಸಿದ್ಧವಾಗಿಲ್ಲ. ಟೈಫಾಯ್ಡ್, ಮೂತ್ರನಾಳದ ಸೋಂಕು ಮೊದಲಾದವುಗಳಿಗೆ ವೈದ್ಯರು ಬರೆದುಕೊಟ್ಟ ಪ್ರತಿಜೈವಿಕವನ್ನು ನಿಲ್ಲಿಸಿ ನುಗ್ಗೆಯ ಪುಡಿಯನ್ನು ನಂಬುವುದು ಪ್ರಾಣಕ್ಕೆ ಅಪಾಯ. ಬೇರಿನ ತೊಗಟೆಯ ಕಷಾಯವನ್ನಂತೂ, ಅದರಲ್ಲಿರುವ ಇತರ ಸಂಯುಕ್ತಗಳ ದೆಸೆಯಿಂದ, ವಿಶೇಷವಾಗಿ ಗರ್ಭಿಣಿಯರು, ಸೇವಿಸಲೇಬಾರದು.

ದೇಹದ ಹೊರಗಿನ ಬಳಕೆಯಲ್ಲಿ ಚಿತ್ರ ಹೆಚ್ಚು ಆಶಾದಾಯಕವಾಗಿದೆ. ಲಂಡನ್ನಿನ ಆರೋಗ್ಯ ಮತ್ತು ಉಷ್ಣವಲಯ ವೈದ್ಯವಿದ್ಯಾಸಂಸ್ಥೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸ್ವಯಂಸೇವಕರ ಕೈಗಳಿಗೆ ಇ. ಕೋಲೈ ಬ್ಯಾಕ್ಟೀರಿಯವನ್ನು ಹಚ್ಚಿ, ನುಗ್ಗೆ ಎಲೆಯ ಪುಡಿಯಿಂದಲೂ ಸಾಮಾನ್ಯ ಸಾಬೂನಿನಿಂದಲೂ ತೊಳೆಸಿ ಹೋಲಿಸಲಾಯಿತು. ಪುಡಿ 4 ಗ್ರಾಂ ಇದ್ದಾಗ, ಒಣಗಿಯೂ ನೀರಿನಲ್ಲಿ ಕಲಸಿಯೂ, ಅದು ಸಾಬೂನಿಗೆ ಸಮನಾಗಿ ಕೆಲಸ ಮಾಡಿತು. ಅದಕ್ಕಿಂತ ಕಡಿಮೆಯಾದರೆ ಹಿಂದೆ ಬಿದ್ದಿತು. ಎಲೆಯಲ್ಲಿರುವ, ನೊರೆ ಕೊಡುವ ಸ್ಯಾಪೊನಿನ್ನುಗಳ ಪಾಲೂ ಇಲ್ಲಿ ಇರಬಹುದು. ಪ್ರಮಾಣವನ್ನು ಹೇಳಿ, ಸಾಬೂನಿನೊಡನೆ ನೇರವಾಗಿ ಹೋಲಿಸಿ, ಮಿತಿಯನ್ನೂ ತೋರಿಸಿದ ಇಂಥ ಪ್ರಯೋಗವೊಂದು, ಪ್ರತಿಬಂಧ ವಲಯದ ಹತ್ತು ಕೋಷ್ಟಕಗಳಿಗಿಂತ ಹೆಚ್ಚು ಉಪಯುಕ್ತ.

ಕರ್ನಾಟಕದಲ್ಲಿ ಈಗ ನುಗ್ಗೆಸೊಪ್ಪಿನ ಪುಡಿ ತಯಾರಿಸಿ ಮಾರುವ ಕೆಲಸ ಹಳ್ಳಿಗಳಲ್ಲಿಯೂ ಹಬ್ಬಿದೆ. ಇಲ್ಲಿ ಬೆಳೆಯುವ ತಳಿಗಳಾದರೋ, ತಮಿಳುನಾಡಿನ ಪೆರಿಯಕುಲಂನಿಂದ ಬಂದ ಪಿಕೆಎಂ-1 ಆಗಲಿ, ಬೆಳಗಾವಿ ಜಿಲ್ಲೆಯ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ರೂಪುಗೊಂಡ ಭಾಗ್ಯ ಆಗಲಿ, ಮುಖ್ಯವಾಗಿ ಕಾಯಿಯ ಇಳುವರಿಗಾಗಿ ಆರಿಸಿದವು. ಎಲೆಯಲ್ಲಿ ಗ್ಲುಕೋಮೊರಿಂಗಿನ್ ಎಷ್ಟಿದೆ, ಎಳೆ ಚಿಗುರಿಗೂ ಬಲಿತ ಸೊಪ್ಪಿಗೂ ಅದರಲ್ಲಿ ಎಷ್ಟು ಅಂತರ, ಬೇಸಿಗೆಯ ಕೊಯ್ಲಿಗೂ ಮಳೆಗಾಲದ ಕೊಯ್ಲಿಗೂ ಎಷ್ಟು ಅಂತರ ಎಂಬುದನ್ನು ತಳಿವಾರು ಅಳೆಯುವುದು ರಾಜ್ಯದ ತೋಟಗಾರಿಕೆ ಮತ್ತು ಔಷಧ ವಿಜ್ಞಾನದ ಕಾಲೇಜುಗಳು ಕೂಡಿ ಮಾಡಬಹುದಾದ ಕೆಲಸ. ಅದಕ್ಕೆ ಬೇಕಾದ ದ್ರವ ಕ್ರೊಮಟೊಗ್ರಫಿ ಯಂತ್ರಗಳು, ಅಂದರೆ ದ್ರಾವಣದ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಉಪಕರಣಗಳು, ಇಂದು ವಿಶ್ವವಿದ್ಯಾಲಯಗಳಲ್ಲಿ ಅಪರೂಪವಲ್ಲ. ಪುಡಿಯ ಪೊಟ್ಟಣದ ಮೇಲೆ ಜೀವಸತ್ವಗಳ ಪಟ್ಟಿಯ ಜೊತೆಗೆ, ಸೊಪ್ಪನ್ನು ನೆರಳಿನಲ್ಲಿ ಒಣಗಿಸಿದ್ದೋ ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಒಣಗಿಸಿದ್ದೋ, ಪೆಟ್ಟಿಗೆಯಾದರೆ ಎಷ್ಟು ಡಿಗ್ರಿಯಲ್ಲಿ ಎಷ್ಟು ಗಂಟೆ ಎಂಬ ವಿವರವನ್ನೂ ಮುದ್ರಿಸುವಂತಾದರೆ, ಕೊಳ್ಳುವವರಿಗೆ ಆ ಪುಡಿಯೊಳಗಿನ ಕಿಣ್ವ ಜೀವಂತವಾಗಿದೆಯೇ ಇಲ್ಲವೇ ಎಂಬುದನ್ನು ಊಹಿಸಲಾದರೂ ಸಾಧ್ಯವಾಗುತ್ತದೆ.